ನೀರೋ, ಆಮ್ಲವೋ? ಸಿಂಗಾಪುರದ ಡಾರ್ಕ್ ರೂಮಿನ ಅರ್ಧ ನಿಮಿಷದ ಚರಿತ್ರೆ

ಕನ್ನಡದಲ್ಲಿ ನಾವು ಫಿಲ್ಮನ್ನು ‘ತೊಳೆಸುತ್ತೇವೆ’. “ರೀಲು ತೊಳೆಸಿದ್ದಾಯಿತೇ?” ಎಂದು ಮದುವೆ ಮುಗಿದ ಮನೆಯಲ್ಲಿ ಹಿರಿಯರು ಕೇಳುತ್ತಿದ್ದುದು ನಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಸ್ಟುಡಿಯೋದವರು ಒಳಗೆ ಏನು ಮಾಡುತ್ತಾರೆಂಬುದು ಹೊರಗಿನವರಿಗೆ ಕಾಣದು. ಕಾಣುತ್ತಿದ್ದುದು ನೀರು ತೊಟ್ಟಿಕ್ಕುತ್ತಾ ಕ್ಲಿಪ್ಪಿನಲ್ಲಿ ನೇತಾಡುವ ನೆಗೆಟಿವ್ ಮಾತ್ರ. ಹಾಗಾಗಿ ತೊಳೆಯುವುದೆಂಬ ಮಾತು ನಿಂತಿತು. ಅದರಲ್ಲಿ ಅರ್ಧ ನಿಜವೂ ಇದೆ.

ಉಳಿದರ್ಧ ಹೀಗೆ: ಫಿಲ್ಮು ಕೊನೆಯ ನೀರಿಗೆ ಬರುವ ಮೊದಲು ಮೂರು ದ್ರವಗಳನ್ನು ದಾಟಬೇಕು. ಮೊದಲನೆಯದು ಚಿತ್ರವನ್ನು ಮೂಡಿಸುವ ಡೆವಲಪರ್. ಮೂರನೆಯದು ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್, ಅಂದರೆ ಸ್ಟುಡಿಯೋದವರ ಮಾತಿನಲ್ಲಿ ‘ಹೈಪೋ’. ಇವೆರಡರ ನಡುವೆ ಅರ್ಧ ನಿಮಿಷದ ಒಂದು ಘಟ್ಟವಿದೆ. ಅದಕ್ಕೆ ‘ಸ್ಟಾಪ್ ಬಾತ್’ ಎಂದು ಹೆಸರು. ಬಾತ್ ಎಂದರೆ ಖಾರಾಬಾತ್ ಎನ್ನುವ ನಮ್ಮವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಇದು ತಿನ್ನುವುದಲ್ಲ, ಡೆವಲಪರ್‌ನ ಕೆಲಸಕ್ಕೆ ‘ಸಾಕು’ ಎಂದು ಹೇಳುವ ಸ್ನಾನ.

ಈ ಸ್ನಾನಕ್ಕೆ ಬರೀ ನೀರು ಸಾಕೇ, ಇಲ್ಲ ಆಮ್ಲ ಬೇಕೇ? ಕಪ್ಪು-ಬಿಳುಪು ಫಿಲ್ಮನ್ನು ಸ್ವತಃ ತೊಳೆಯುವವರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಮಾತಿಗೆ ವಾದ ಮಾಡುತ್ತಾ ಬಂದಿದ್ದಾರೆ. ಇಲ್ಲಿನ ನನ್ನ ಫ್ಲಾಟ್‌ನಲ್ಲಿ ಈಗಲೂ ಫಿಲ್ಮು ತೊಳೆಯುವ ನನಗೆ ಈ ವಾದದಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಪುಸ್ತಕಗಳ ಉತ್ತರಗಳು ಹೆಚ್ಚಾಗಿ ಚಳಿ ದೇಶಗಳಿಂದ ಬಂದವು. ಊರಿನ ಸೆಖೆ, ಊರಿನ ನೀರು, ಫಿಲ್ಮಿನ ಮೇಲಿನ ಜೆಲಟಿನ್ ಇವು ಮೂರೂ ಬದಲಾದಂತೆ ಉತ್ತರವೂ ಬದಲಾಗಿದೆ. ಸಿಂಗಾಪುರದ ಛಾಯಾಗ್ರಹಣದ ಚರಿತ್ರೆಯನ್ನು ಈ ಅರ್ಧ ನಿಮಿಷದ ಕಿಂಡಿಯಿಂದ ನೋಡುವ ಪ್ರಯತ್ನ ಈ ಲೇಖನ.

ನಡುವಿನ ದ್ರವದ ಕೆಲಸ

ಡೆವಲಪರ್ ಕ್ಷಾರ ಗುಣದ್ದು. 1920ರ ದಶಕದಲ್ಲಿ ಕೊಡಕ್ ಕಂಪನಿ ರೂಪಿಸಿ, ಇಂದಿಗೂ ಬಳಕೆಯಲ್ಲಿರುವ ಡಿ-76 ಎಂಬ ಡೆವಲಪರ್‌ನ ಒಂದು ಲೀಟರ್‌ನಲ್ಲಿ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ ಮತ್ತು 2 ಗ್ರಾಂ ಬೋರಾಕ್ಸ್ ಇರುತ್ತವೆ. ಬೋರಾಕ್ಸ್ ಎಂದರೆ ಅಕ್ಕಸಾಲಿಗರ ಬಿಳಿಗಾರವೇ. ಈ ಕ್ಷಾರವಿರುವವರೆಗೆ ಬೆಳಕು ತಾಗಿದ ಬೆಳ್ಳಿಯ ಲವಣ ಕಪ್ಪು ಬೆಳ್ಳಿಯಾಗುತ್ತಾ ಹೋಗುತ್ತದೆ. ಹೊತ್ತು ಮೀರಿದರೆ ನೆಗೆಟಿವ್ ಅತಿಯಾಗಿ ದಟ್ಟವಾಗುತ್ತದೆ.

ನಿಲ್ಲಿಸಲು ಎರಡು ದಾರಿಗಳಿವೆ. ಡೆವಲಪರ್ ಚೆಲ್ಲಿ ನೀರು ತುಂಬಿ ಅಲುಗಿಸಿ ಚೆಲ್ಲುವುದು ಮೊದಲನೆಯದು. ಇದರಲ್ಲಿ ಜೆಲಟಿನ್ ಒಳಗೆ ಇಂಗಿದ ಡೆವಲಪರ್ ಕೆಲವು ಸೆಕೆಂಡು ಕೆಲಸ ಮುಂದುವರಿಸುತ್ತದೆ. ಒಲೆಯಿಂದ ಇಳಿಸಿದ ಮೇಲೂ ಪಾತ್ರೆಯ ಬಿಸಿಗೆ ಅನ್ನ ಇನ್ನಷ್ಟು ಬೇಯುವ ಹಾಗೆ. ಎರಡನೆಯದು ನೀರಿನ ಬದಲು ಸೌಮ್ಯವಾದ ಅಸಿಟಿಕ್ ಆಮ್ಲ ತುಂಬುವುದು. ಆಮ್ಲ ಕ್ಷಾರವನ್ನು ಕೊಲ್ಲುವುದರಿಂದ ಕೆಲಸ ಬಹುತೇಕ ಆ ಕ್ಷಣದಲ್ಲೇ ನಿಲ್ಲುತ್ತದೆ. ಅಡುಗೆಮನೆಯ ಬಿಳಿ ವಿನೆಗರ್‌ನಲ್ಲಿರುವುದೂ ಇದೇ ಆಮ್ಲ, ಸುಮಾರು ಶೇಕಡಾ 5ರಷ್ಟು. ಕೊಡಕ್‌ನ ಎಸ್‌ಬಿ-1 ಎಂಬ ಸರಳ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ ಶೇಕಡಾ 28ರ ಅಸಿಟಿಕ್ ಆಮ್ಲ 48 ಮಿಲಿ ಸೇರುತ್ತದೆ. ಅಂದರೆ ಕೊನೆಗೆ ಉಳಿಯುವ ಹುಳಿ ವಿನೆಗರ್‌ನ ಕಾಲುಭಾಗದಷ್ಟು.

ಆಮ್ಲಕ್ಕೆ ಇನ್ನೊಂದು ಕೆಲಸವೂ ಇದೆ, ಹೈಪೋವನ್ನು ಕಾಯುವುದು. ಸಾಮಾನ್ಯವಾದ ಹೈಪೋ ದ್ರಾವಣ ಆಮ್ಲೀಯ. ಪ್ರತಿ ರೋಲ್ ಫಿಲ್ಮು ತನ್ನೊಡನೆ ಸ್ವಲ್ಪ ಕ್ಷಾರ ಹೊತ್ತು ತಂದರೆ ಹೈಪೋ ಬೇಗ ಕೆಡುತ್ತದೆ; ಕೆಲವೊಮ್ಮೆ ನೆಗೆಟಿವ್ ಮೇಲೆ ಹಳದಿ-ಹಸಿರು ಬಣ್ಣದ ಮಬ್ಬು ಕೂರುತ್ತದೆ. ದಿನಕ್ಕೆ ಹತ್ತಾರು ರೋಲ್ ತೊಳೆಯುವ ಸ್ಟುಡಿಯೋಗೆ ಇದು ದುಡ್ಡಿನ ಪ್ರಶ್ನೆ. ತಿಂಗಳಿಗೆ ಎರಡು ರೋಲ್ ತೊಳೆಯುವ ಹವ್ಯಾಸಿಗೆ ಅಷ್ಟಾಗಿ ಅಲ್ಲ.

ಆಮ್ಲ ಜಾಗ ಬದಲಿಸಿದ ಕಥೆ

ಸಿಂಗಾಪುರಕ್ಕೆ ಕ್ಯಾಮೆರಾ ಬಹಳ ಬೇಗ ಬಂತು. ಯುರೋಪಿನಲ್ಲಿ ಡಾಗೆರೋಟೈಪ್ ವಿಧಾನ ಪ್ರಕಟವಾದದ್ದು 1839ರಲ್ಲಿ. ಇಲ್ಲಿ ಹೋಟೆಲ್ ನಡೆಸುತ್ತಿದ್ದ ಗಾಸ್ಟನ್ ದುತ್ರೋಂಕ್ವಾ 1843ರಲ್ಲೇ ಭಾವಚಿತ್ರ ತೆಗೆದುಕೊಡುವುದಾಗಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. 1844ರಲ್ಲಿ ಫ್ರೆಂಚ್ ಅಧಿಕಾರಿ ಜೂಲ್ ಇಟಿಯೇ ಸಿಂಗಾಪುರ ನದಿಯ ದಂಡೆಯ ಚಿತ್ರ ತೆಗೆದ. ಮುನ್ಶಿ ಅಬ್ದುಲ್ಲಾ ಕೂಡ ತಮ್ಮ ಆತ್ಮಕಥೆ ‘ಹಿಕಾಯತ್ ಅಬ್ದುಲ್ಲಾ’ದಲ್ಲಿ ಈ ಹೊಸ ಯಂತ್ರವನ್ನು ಕಂಡ ಬೆರಗನ್ನು ಬರೆದಿದ್ದಾರೆ. ಆದರೆ ಆ ಕಾಲದಲ್ಲಿ ನಮ್ಮ ಪ್ರಶ್ನೆಯೇ ಇರಲಿಲ್ಲ. ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಪಾದರಸದ ಹಬೆಯಿಂದ ಚಿತ್ರ ಮೂಡುತ್ತಿತ್ತು. ದ್ರವವೇ ಇಲ್ಲದ ಡೆವಲಪರ್‌ಗೆ ಸ್ನಾನವೆಲ್ಲಿ?

ಪ್ರಶ್ನೆ ಹುಟ್ಟಿದ್ದು ಗಾಜಿನ ಕಾಲದಲ್ಲಿ. ಸ್ಕಾಟ್ಲೆಂಡಿನ ಜಾನ್ ಥಾಮ್ಸನ್ 1862ರಲ್ಲಿ ಸಿಂಗಾಪುರಕ್ಕೆ ಬಂದು ಸ್ಟುಡಿಯೋ ತೆರೆದ. ಮುಂದೆ ಸಯಾಂ, ಕಾಂಬೋಡಿಯ, ಚೀನಾಗಳ ಚಿತ್ರಗಳಿಂದ ಹೆಸರಾದವನು ಇವನೇ. ಆಗ ನಡೆಯುತ್ತಿದ್ದುದು ಕೊಲೋಡಿಯನ್ ಪದ್ಧತಿ. ಗಾಜಿಗೆ ಅಂಟುದ್ರವ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಚಿತ್ರ ತೆಗೆದು, ಒಣಗುವ ಮೊದಲೇ ಡೆವಲಪ್ ಮಾಡಬೇಕು. ಇಲ್ಲೊಂದು ಸ್ವಾರಸ್ಯವಿದೆ. ಕೊಲೋಡಿಯನ್ ಡೆವಲಪರ್ ಕ್ಷಾರವಲ್ಲ. ಕಬ್ಬಿಣದ ಸಲ್ಫೇಟ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣ. ಆಮ್ಲ ಡೆವಲಪರ್‌ನ ಒಳಗೇ ಇತ್ತು, ಚಿತ್ರ ಒಮ್ಮೆಲೇ ಕಪ್ಪಾಗದಂತೆ ಹಿಡಿದಿಡಲು. ಕೆಲಸ ನಿಲ್ಲಿಸುತ್ತಿದ್ದುದು ಗಾಜಿನ ಮೇಲೆ ಸುರಿದ ಬರೀ ನೀರು.

ಆ ನೀರು ಎಲ್ಲಿಂದ ಬರುತ್ತಿತ್ತು? 1860ರ ದಶಕದ ಸಿಂಗಾಪುರದಲ್ಲಿ ನಲ್ಲಿಗಳಿರಲಿಲ್ಲ. ಜನ ಬಾವಿಯ ನೀರನ್ನೂ ಎತ್ತಿನ ಗಾಡಿಯಲ್ಲಿ ಬರುವ ನೀರನ್ನೂ ನಂಬಿದ್ದರು. ಇಂದು ಚೈನಾಟೌನ್‌ನಲ್ಲಿರುವ ‘ಕ್ರೆತಾ ಆಯರ್’ ಎಂಬ ಹೆಸರಿಗೆ ಮಲಯ್ ಭಾಷೆಯಲ್ಲಿ ನೀರಿನ ಗಾಡಿ ಎಂದೇ ಅರ್ಥ. ವ್ಯಾಪಾರಿ ತಾನ್ ಕಿಮ್ ಸೆಂಗ್ 1857ರಲ್ಲಿ ನೀರಿನ ಯೋಜನೆಗೆಂದು 13,000 ಡಾಲರ್ ಕೊಟ್ಟರು. ಈಗ ಮೆಕ್‌ರಿಚಿ ಎಂದು ಕರೆಯುವ ಜಲಾಶಯ 1868ರಲ್ಲಿ ಕಟ್ಟಿ ಮುಗಿದರೂ ನೀರು ಊರಿಗೆ ಹರಿದದ್ದು 1870ರ ದಶಕದ ಕೊನೆಗೆ. ಸಿಂಗಾಪುರದ ಮೊದಲ ಸ್ಟುಡಿಯೋಗಳು ತಮ್ಮ ಗಾಜುಗಳನ್ನು ತೊಳೆದದ್ದು ಅಂಥ ನೀರಿನ ಕಾಲದಲ್ಲಿ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಕೂರಿಸುವ ವಿಧಾನವನ್ನು ಪ್ರಕಟಿಸಿದ. ಹತ್ತು ವರ್ಷ ಕಳೆಯುವಷ್ಟರಲ್ಲಿ ಒಣ ಗಾಜುಫಲಕಗಳು ಅಂಗಡಿಯಲ್ಲಿ ಸಿಗತೊಡಗಿದವು. ಜೆಲಟಿನ್ ಒಳಗೆ ಇಳಿದು ಕೆಲಸ ಮಾಡಲು ಕ್ಷಾರದ ಡೆವಲಪರ್ ಬೇಕಾಯಿತು. ಡೆವಲಪರ್ ಕ್ಷಾರವಾದದ್ದರಿಂದ ಆಮ್ಲ ಅಲ್ಲಿಂದ ಹೊರಬಿದ್ದು, ಕ್ರಮೇಣ ಮುಂದಿನ ತಟ್ಟೆಗೆ ಸೇರಿತು. ಇಂದು ನಾವು ಸ್ಟಾಪ್ ಬಾತ್ ಎನ್ನುವುದು ಹೀಗೆ ಜಾಗ ಬದಲಿಸಿದ ಆಮ್ಲ.

ಸೆಖೆಯ ಊರಿನಲ್ಲಿ ಜೆಲಟಿನ್

ಜೆಲಟಿನ್ ಎಂದರೆ ದನದ ಮೂಳೆ ಮತ್ತು ಚರ್ಮದಿಂದ ತೆಗೆದ ಸಾರ. ಮಕ್ಕಳ ಹುಟ್ಟುಹಬ್ಬದ ಜೆಲ್ಲಿ ಸೆಖೆಗೆ ಹೇಗೆ ಕುಸಿಯುತ್ತದೆಂದು ಎಲ್ಲ ತಾಯಂದಿರಿಗೂ ಗೊತ್ತು. ಗಟ್ಟಿಗೊಳಿಸದ ಜೆಲಟಿನ್ 30 ಡಿಗ್ರಿಯ ಸುತ್ತಮುತ್ತ ಮೆತ್ತಗಾಗಿ ಕರಗತೊಡಗುತ್ತದೆ. ಕ್ಷಾರದಲ್ಲಿ ನೆನೆದರಂತೂ ಉಬ್ಬಿ ಇನ್ನಷ್ಟು ದುರ್ಬಲವಾಗುತ್ತದೆ. ಪುಸ್ತಕಗಳು ಹೇಳುವ ಡೆವಲಪರ್‌ನ ಉಷ್ಣತೆ 20 ಡಿಗ್ರಿ. ಸಿಂಗಾಪುರದಲ್ಲಿ ನಡುರಾತ್ರಿಯೂ ಗಾಳಿ 24–25 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ.

ಇಲ್ಲಿ 1867ರಿಂದ ಹೆಸರು ಮಾಡಿದ ಜಿ.ಆರ್. ಲ್ಯಾಂಬರ್ಟ್ ಕಂಪನಿಯಾಗಲಿ, 1910ರ ದಶಕದಲ್ಲಿ ಹಿಲ್ ಸ್ಟ್ರೀಟ್‌ನಲ್ಲಿ ಸಾವಿರಾರು ಕುಟುಂಬಗಳ ಚಿತ್ರ ತೆಗೆದ ಲೀ ಬ್ರದರ್ಸ್ ಆಗಲಿ, ಮನೆಮನೆಗೆ ಏರ್‌ಕಂಡೀಷನರ್ ಬರುವ ಎಷ್ಟೋ ಮುಂಚಿನವರು. ಆ ಕಾಲದಲ್ಲಿ ಬಿಸಿನಾಡಿನ ಛಾಯಾಗ್ರಾಹಕರನ್ನೆಲ್ಲ ಕಾಡಿದ ಪಿಡುಗು ಜೆಲಟಿನ್‌ನ ಅಂಚು ಗಾಜು ಬಿಟ್ಟು ಸೀರೆಯ ನೆರಿಗೆಯಂತೆ ಏಳುವುದು. ತಣ್ಣಗಿನ ದ್ರವದಿಂದ ಬಿಸಿ ದ್ರವಕ್ಕೆ ಒಮ್ಮೆಲೇ ಹೋದರೆ ಜೆಲಟಿನ್ ಮೇಲ್ಮೈ ಒಣಗಿದ ಕೆರೆಯ ತಳದಂತೆ ಬಿರುಕುಬಲೆಯಾಗುತ್ತಿತ್ತು. ಮಂಜುಗಡ್ಡೆ, ರಾತ್ರಿಯ ಕೆಲಸ, ಪಟಿಕದ ನೀರು ಇವೇ ಪರಿಹಾರಗಳು. ಕ್ಷೌರದ ನಂತರ ಮುಖಕ್ಕೆ ಉಜ್ಜುವ ಪಟಿಕ ಚರ್ಮವನ್ನು ಬಿಗಿಯುವ ಹಾಗೆ ಜೆಲಟಿನ್ನನ್ನೂ ಬಿಗಿಯುತ್ತದೆ.

ಹೀಗಾಗಿ ಬಿಸಿನಾಡಿನಲ್ಲಿ ‘ನೀರೋ ಆಮ್ಲವೋ’ ಎಂಬ ಪ್ರಶ್ನೆಗೆ ಮೂರನೆಯ ಉತ್ತರ ಹುಟ್ಟಿತು. ಬರೀ ನೀರು ಉಬ್ಬಿದ ಜೆಲಟಿನ್ನನ್ನು ಕಾಪಾಡದು. ಬರೀ ಆಮ್ಲವೂ ಪೂರ್ತಿ ಕಾಪಾಡದು, ಏಕೆಂದರೆ ಹುಳಿ ಅತಿಯಾದರೂ ಜೆಲಟಿನ್ ಉಬ್ಬುತ್ತದೆ. ಇದನ್ನು ತಡೆಯಲು ಕೊಡಕ್‌ನ ಎಸ್‌ಬಿ-5 ಸೂತ್ರದಲ್ಲಿ ಅಸಿಟಿಕ್ ಆಮ್ಲದ ಜೊತೆ ಲೀಟರ್‌ಗೆ 45 ಗ್ರಾಂ ಸೋಡಿಯಂ ಸಲ್ಫೇಟ್ ಸೇರಿಸಿದರು. ಉಪ್ಪುನೀರಿನಲ್ಲಿಟ್ಟ ಮಾವಿನಕಾಯಿ ಮುದುಡುವಂತೆ ಈ ಲವಣವಿದ್ದಲ್ಲಿ ಜೆಲಟಿನ್ ನೀರು ಕುಡಿದು ಉಬ್ಬುವುದಿಲ್ಲ. ಇನ್ನೂ ಬಿಸಿಯ ಊರುಗಳಿಗೆ ಎಸ್‌ಬಿ-4 ಇತ್ತು: ಲೀಟರ್‌ಗೆ 30 ಗ್ರಾಂ ಕ್ರೋಮ್ ಆಲಂ ಮತ್ತು 60 ಗ್ರಾಂ ಸೋಡಿಯಂ ಸಲ್ಫೇಟ್. ಹೊಸದಾಗಿ ಕಲಸಿದಾಗ ನೇರಳೆ-ನೀಲಿಯಾಗಿರುವ ಈ ದ್ರಾವಣ ಬಳಸುತ್ತಾ ಹೋದಂತೆ ಹಸಿರಾಗುತ್ತದೆ. ಹಸಿರಾದರೆ ಬಿಗಿಯುವ ಗುಣ ಹೋಯಿತೆಂದೇ ಲೆಕ್ಕ. ಇದರಲ್ಲಿ ಅಸಿಟಿಕ್ ಆಮ್ಲವಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲಿ ‘ನಿಲ್ಲು’ ಎನ್ನುವುದಕ್ಕಿಂತ ‘ಕರಗಬೇಡ’ ಎನ್ನುವುದೇ ಮುಖ್ಯವಾಗಿತ್ತು.

‘ಗ್ಲೇಷಿಯಲ್ ಅಸಿಟಿಕ್ ಆಸಿಡ್’ ಎಂಬ ಹೆಸರೇ ಈ ಅಂತರವನ್ನು ಹೇಳುತ್ತದೆ. ಅಪ್ಪಟ ಅಸಿಟಿಕ್ ಆಮ್ಲ 16.6 ಡಿಗ್ರಿಗಿಂತ ಕೆಳಗೆ ಮಂಜುಗಡ್ಡೆಯಂತೆ ಹೆಪ್ಪುಗಟ್ಟುತ್ತದೆ. ಹೆಸರು ಬಂದದ್ದು ಅದರಿಂದ. ಲಂಡನ್ನಿನ ಚಳಿಗಾಲದಲ್ಲಿ ಸೀಸೆಯೊಳಗೆ ಗಡ್ಡೆಯಾಗುವ ಈ ಆಮ್ಲ ಸಿಂಗಾಪುರದ ಕಪಾಟಿನಲ್ಲಿ ವರ್ಷವಿಡೀ ನೀರಿನಂತೆಯೇ ಇರುತ್ತದೆ.

ಬೆಂಗಳೂರಿನ ಪಾಠ, ಸಿಂಗಾಪುರದ ನಲ್ಲಿ

ನಮ್ಮ ನಾಡಿನಲ್ಲೇ ಈ ಎರಡೂ ಲೋಕಗಳಿವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಭಾಗ ಹಿತವಾದ ಹವೆ. ಮಂಗಳೂರು ಸಿಂಗಾಪುರದ ಹಾಗೆಯೇ ಕಡಲ ತೇವದ ಊರು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮುಂತಾದವರು ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಬೆಂಗಳೂರು, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿದ ಬೆಂಗಳೂರು, ಕತ್ತಲೆ ಕೋಣೆಗೆ ದಯೆಯ ಊರು. ಅಲ್ಲಿ ಕಲಿತವರು ಮಂಜುಗಡ್ಡೆಯ ತಂಟೆಯಿಲ್ಲದೆ ನಲ್ಲಿನೀರಿನಲ್ಲೇ ಫಿಲ್ಮು ತೊಳೆಯಬಹುದಿತ್ತು. ನಮ್ಮಲ್ಲಿ ಅನೇಕರು ಬಳಸಿದ ‘ಇಂದು’ ಫಿಲ್ಮು ತಯಾರಾಗುತ್ತಿದ್ದುದು ಇನ್ನೂ ತಂಪಾದ ಊಟಿಯಲ್ಲಿ. ಅಲ್ಲಿನ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಯಿತು. ಬೆಟ್ಟದ ತಂಪಿನಲ್ಲಿ ಲೇಪವಾದ ಆ ಜೆಲಟಿನ್ ಕರಾವಳಿಯ ಸ್ಟುಡಿಯೋದಲ್ಲಿ ಸೆಖೆಯ ಪರೀಕ್ಷೆ ಎದುರಿಸುತ್ತಿತ್ತು.

ಬೆಂಗಳೂರಿನ ಅಭ್ಯಾಸವನ್ನು ಹಾಗೇ ತಂದು ಸಿಂಗಾಪುರದಲ್ಲಿ ನಡೆಸಿದರೆ ಲೆಕ್ಕ ಬದಲಾಗುತ್ತದೆ. ನನ್ನ ಅಡುಗೆಮನೆಯ ನಲ್ಲಿನೀರು ಹೆಚ್ಚಾಗಿ 28 ಡಿಗ್ರಿ ತೋರಿಸುತ್ತದೆ. 20 ಡಿಗ್ರಿಯಲ್ಲಿ ಎಂಟು ನಿಮಿಷ ಬೇಕಾಗುವ ಡೆವಲಪ್ 28 ಡಿಗ್ರಿಯಲ್ಲಿ ಸುಮಾರು ಅರ್ಧಕ್ಕಿಳಿಯುತ್ತದೆ. ನೀರು ಸುರಿದ ಮೇಲೂ ಹತ್ತು ಸೆಕೆಂಡು ಕೆಲಸ ಮುಂದುವರಿಯಿತು ಎಂದಿಟ್ಟುಕೊಳ್ಳೋಣ. ಎಂಟು ನಿಮಿಷದಲ್ಲಿ ಅದು ಶೇಕಡಾ 2. ಯಾರ ಕಣ್ಣಿಗೂ ಬೀಳದು. ನಾಲ್ಕು ನಿಮಿಷದಲ್ಲಿ ಶೇಕಡಾ 4. ಒಂದೇ ನಿಮಿಷದಲ್ಲಿ ಡೆವಲಪ್ ಆಗುವ ಪ್ರಿಂಟ್ ಕಾಗದದಲ್ಲಿ ಆರರಲ್ಲೊಂದು ಪಾಲು. ಫಿಲ್ಮಿಗೆ ನೀರು ಸಾಕೆನ್ನುವವರೂ ಕಾಗದಕ್ಕೆ ಆಮ್ಲ ಬೇಕೆನ್ನುವುದು ಇದಕ್ಕೇ. ಸೆಖೆ ಹೆಚ್ಚಾದಷ್ಟೂ ಫಿಲ್ಮು ಕಾಗದದ ಸ್ವಭಾವಕ್ಕೆ ಹತ್ತಿರವಾಗುತ್ತದೆ. ಐದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಡೆವಲಪ್ ಎಲ್ಲೆಡೆ ಸಮವಾಗದಿರಬಹುದೆಂದು ಕೊಡಕ್ ಎಚ್ಚರಿಸುತ್ತಿದ್ದುದೂ ಸುಮ್ಮನಲ್ಲ.

ನೀರಿನ ಲೆಕ್ಕ

ನೀರಿನ ಪಕ್ಷದವರು ‘ನೀರು ಪುಕ್ಕಟೆ’ ಎನ್ನುತ್ತಾರೆ. ಸಿಂಗಾಪುರದಲ್ಲಿ ಹಾಗೆ ಹೇಳುವುದು ಕಷ್ಟ. ಜೊಹೋರ್‌ನಿಂದ ಕೊಳವೆಯಲ್ಲಿ ನೀರು ತರಿಸಬೇಕಾಯಿತು. 1963ರ ಬರಗಾಲದಲ್ಲಿ ಏಪ್ರಿಲ್‌ನಿಂದ ಮರುವರ್ಷದ ಫೆಬ್ರುವರಿವರೆಗೆ ಹತ್ತು ತಿಂಗಳು ನೀರಿಗೆ ಪಡಿತರ ಬಂತು. ಇಲ್ಲಿನ ಹಳಬರು ಬಕೆಟ್ಟುಗಳನ್ನು ಸಾಲಾಗಿ ಇಟ್ಟ ಆ ದಿನಗಳ ಮಾತಾಡುತ್ತಾರೆ. 1950ರಲ್ಲಿ ಕ್ಯಾಮೆರಾ ಕ್ಲಬ್ಬಾಗಿ ಹುಟ್ಟಿದ ಇಲ್ಲಿನ ಫೋಟೋಗ್ರಾಫಿಕ್ ಸೊಸೈಟಿಯ ಕಾಲವೂ, ಯಿಪ್ ಚಿಯೋಂಗ್ ಫುನ್ 1957ರಲ್ಲಿ ‘ರೋಯಿಂಗ್ ಅಟ್ ಡಾನ್’ ಚಿತ್ರ ತೆಗೆದ ಕಾಲವೂ ಇದೇ ಆಸುಪಾಸಿನದು. ಕಪ್ಪು-ಬಿಳುಪು ಹವ್ಯಾಸ ಹುರುಪಿನಲ್ಲಿದ್ದ ವರ್ಷಗಳಲ್ಲೇ ನೀರಿನ ಅಭಾವವೂ ಇತ್ತು.

ಒಂದು ರೋಲ್‌ಗೆ ಸುಮಾರು 300 ಮಿಲಿ ಹಿಡಿಯುವ ಡಬ್ಬಿಯನ್ನು ಮೂರು ಬಾರಿ ತುಂಬಿ ಚೆಲ್ಲಿದರೆ ನೀರಿನ ಸ್ಟಾಪ್‌ಗೆ ಒಂದು ಲೀಟರ್ ಕೂಡ ಆಗದು. ಒಂದು ಲೀಟರ್ ಆಮ್ಲದಲ್ಲಿ ಹತ್ತಕ್ಕೂ ಹೆಚ್ಚು ರೋಲ್ ನಡೆಯುತ್ತದೆ. ವ್ಯತ್ಯಾಸ ಇಷ್ಟೇ. ನಿಜವಾಗಿ ನೀರು ಕುಡಿಯುವುದು ಹೈಪೋ ನಂತರದ ಕೊನೆಯ ತೊಳೆತ. ನಿಮಿಷಕ್ಕೆ ಎರಡು ಲೀಟರ್‌ನಂತೆ ಅರ್ಧ ಗಂಟೆ ನಲ್ಲಿ ಬಿಟ್ಟರೆ 60 ಲೀಟರ್! ಇಲ್‌ಫರ್ಡ್ ಕಂಪನಿ ಹೇಳುವ ಕ್ರಮದಲ್ಲಿ ಡಬ್ಬಿ ತುಂಬಿ ಐದು ಸಲ ತಲೆಕೆಳಗು ಮಾಡಿ ಚೆಲ್ಲಬೇಕು. ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ಅದೇ ಕೆಲಸ ಒಂದು ಲೀಟರ್‌ನಲ್ಲಿ ಮುಗಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಿಹಿನೀರು ಉಳಿಸಲು ಹಡಗಿನವರು ಫಿಲ್ಮನ್ನು ಸಮುದ್ರದ ನೀರಿನಲ್ಲಿ ತೊಳೆದಾಗ ಹೈಪೋ ಇನ್ನೂ ಬೇಗ ಬಿಡುತ್ತದೆಂದು ತಿಳಿಯಿತು. ಕೊನೆಗೆ ಒಮ್ಮೆ ಸಿಹಿನೀರಿನಲ್ಲಿ ಜಾಲಿಸಿದರೆ ಆಯಿತು. ನೀರು ಉಳಿಸಬೇಕಾದದ್ದು ಎಲ್ಲಿ ಎಂಬುದು ಈ ಲೆಕ್ಕದಿಂದ ಸ್ಪಷ್ಟ.

ಇಂದಿನ ಉತ್ತರ

1972ರಲ್ಲಿ ಬಂದ ಸಿ-41 ಎಂಬ ಬಣ್ಣದ ಫಿಲ್ಮಿನ ಪದ್ಧತಿ ನಡೆಯುವುದೇ 38 ಡಿಗ್ರಿಯಲ್ಲಿ. ನಮ್ಮ ರಸ್ತೆಬದಿಯ ಕಲರ್ ಲ್ಯಾಬ್‌ಗಳು ಲಕ್ಷಾಂತರ ರೋಲ್‌ಗಳನ್ನು ಆ ಬಿಸಿಯಲ್ಲೇ ತೊಳೆದವು, ಜೆಲಟಿನ್ ಕರಗಲಿಲ್ಲ. ಕಾರ್ಖಾನೆಯಲ್ಲೇ ಜೆಲಟಿನ್ನನ್ನು ಗಟ್ಟಿಗೊಳಿಸುವ ವಿದ್ಯೆ ಅಷ್ಟು ಮುಂದುವರಿದಿತ್ತು. ಆದ್ದರಿಂದ ಇಂದಿನ ಹೆಚ್ಚಿನ ಫಿಲ್ಮಿಗೆ ಸಿಂಗಾಪುರದ ಸೆಖೆಯಲ್ಲೂ ಕ್ರೋಮ್ ಆಲಂ ಬೇಕಿಲ್ಲ. ಹಳೆಯ ಬಗೆಯಲ್ಲಿ ತಯಾರಾಗುವ ಕೆಲವು ಫಿಲ್ಮುಗಳ ಜೆಲಟಿನ್ ಮಾತ್ರ ಈಗಲೂ ಮೃದು.

ಆಮ್ಲದ ಮೇಲಿನ ಹಳೆಯ ಆರೋಪ, ಅದು ಜೆಲಟಿನ್‌ನಲ್ಲಿ ಸೂಜಿಮೊನೆಯಷ್ಟು ತೂತು ಮಾಡುತ್ತದೆಂಬುದು. ವಾಷಿಂಗ್ ಸೋಡದಂಥ ಕಾರ್ಬೊನೇಟ್ ಇರುವ ಡೆವಲಪರ್‌ಗೆ ಬಿರುಸಾದ ಆಮ್ಲ ತಾಗಿದರೆ ಗುಳ್ಳೆ ಏಳುವುದು ನಿಜ. ಬಿಳಿಗಾರದ ಡಿ-76ರಲ್ಲಿ ಆ ಭಯಕ್ಕೆ ಆಧಾರವಿಲ್ಲ. ಹಾಗೆಯೇ ಕ್ಷಾರದ ಫಿಕ್ಸರ್ ಬಳಸುವವರಿಗೆ, ಪೈರೋ ಡೆವಲಪರ್‌ನ ಕಂದು ಛಾಯೆ ಉಳಿಸಿಕೊಳ್ಳಬೇಕೆನ್ನುವವರಿಗೆ ನೀರೇ ಸರಿ.

ನನ್ನ ಪದ್ಧತಿ ಇಷ್ಟು. ಕಿಟಕಿಯಿಲ್ಲದ, ಉಕ್ಕಿನ ಬಾಗಿಲಿನ ನಮ್ಮ ಎಚ್‌ಡಿಬಿ ಮನೆಯ ‘ಬಾಂಬ್ ಶೆಲ್ಟರ್’ ಕತ್ತಲಿಗೆ ಹೇಳಿ ಮಾಡಿಸಿದ ಕೋಣೆ, ಆದರೆ ಅಲ್ಲಿ ನಲ್ಲಿಯಿಲ್ಲ. ಅಲ್ಲಿ ಫಿಲ್ಮನ್ನು ಡಬ್ಬಿಗೆ ತುಂಬಿ ಅಡುಗೆಮನೆಗೆ ತರುತ್ತೇನೆ. ದ್ರವಗಳ ಸೀಸೆಗಳನ್ನೂ ನೀರಿನ ಜಗ್ಗನ್ನೂ ಮಂಜುಗಡ್ಡೆಯ ಟಬ್ಬಿನಲ್ಲಿಟ್ಟು ಎಲ್ಲವನ್ನೂ ಒಂದೇ ಉಷ್ಣತೆಗೆ ತರುತ್ತೇನೆ. ಫಿಲ್ಮನ್ನು 20–22 ಡಿಗ್ರಿಯಲ್ಲಿ ತೊಳೆದರೆ ನೀರಿನ ಸ್ಟಾಪ್, ತಾಜಾ ಹೈಪೋ. ನಲ್ಲಿಯ ಬಿಸಿಯಲ್ಲೇ ತೊಳೆಯಬೇಕಾದರೆ, ಅಥವಾ ಒಂದೇ ದಿನ ಹಲವು ರೋಲ್ ಇದ್ದರೆ, ತೆಳು ಆಮ್ಲ. ಪ್ರಿಂಟಿಗೆ ಯಾವಾಗಲೂ ಆಮ್ಲ. ಆಮ್ಲ ಬೆರೆಸುವಾಗ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಬೆಳ್ಳಿ ಕರಗಿದ ಹಳೆ ಹೈಪೋವನ್ನು ಸಿಂಕಿಗೆ ಸುರಿಯಬಾರದು. 2003ರಿಂದ ‘ನ್ಯೂವಾಟರ್’ ಆಗಿ ಬಳಸಿದ ನೀರನ್ನೇ ಶುದ್ಧಿಮಾಡಿ ಮತ್ತೆ ಬಳಸುವ ಊರು ಇದು.

ಹುಳಿ ವಾಸನೆಯ ಪೆಟ್ಟಿಗೆ

ಫಿಲ್ಮು ತೊಳೆಯದವರಿಗೂ ಈ ಆಮ್ಲದ ಕಥೆ ಸಂಬಂಧಪಟ್ಟದ್ದೇ. ಊರಿಂದ ಬರುವಾಗ ಅಪ್ಪ-ಅಮ್ಮನ ಕಾಲದ ನೆಗೆಟಿವ್‌ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿಟ್ಟುಕೊಂಡ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ‘ಸ್ಟುಡಿಯೋದವರು ಆಸಿಡ್ ಸರಿಯಾಗಿ ತೊಳೆದಿಲ್ಲ’ ಎನ್ನುವುದು ವಾಡಿಕೆ. ಕಾರಣ ಅದಲ್ಲ. ಸ್ಟಾಪ್ ಬಾತ್‌ನ ಆಮ್ಲ ಮುಂದಿನ ತೊಳೆತದಲ್ಲೇ ಹೋಗಿಬಿಡುತ್ತದೆ. ಈ ವಾಸನೆ ಫಿಲ್ಮಿನ ಮೈಯಿಂದಲೇ ಬರುವಂಥದ್ದು. ಸೆಲ್ಯುಲೋಸ್ ಅಸಿಟೇಟ್ ಎಂಬ ಆ ಪ್ಲಾಸ್ಟಿಕ್ ಶಾಖ ಮತ್ತು ತೇವಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಬಿಟ್ಟ ಆಮ್ಲವೇ ಉಳಿದದ್ದನ್ನು ಇನ್ನೂ ಬೇಗ ಕೆಡಿಸುತ್ತದೆ. ಫಿಲ್ಮು ಕುಗ್ಗಿ, ಸುರುಳಿಯಾಗಿ, ಜೆಲಟಿನ್ ಎದ್ದುಬರುತ್ತದೆ. 1948ರಲ್ಲಿ ಟ್ರೈಅಸಿಟೇಟ್ ಫಿಲ್ಮು ಮಾರುಕಟ್ಟೆಗೆ ಬಂದು ಹತ್ತು ವರ್ಷ ತುಂಬುವ ಮೊದಲೇ ಕೊಡಕ್‌ಗೆ ಇದರ ಮೊದಲ ದೂರು ಹೋದದ್ದು ಭಾರತ ಸರ್ಕಾರದಿಂದ. ನಮ್ಮ ಹವೆಯೇ ಈ ರೋಗವನ್ನು ಮೊದಲು ಹೊರಗೆಡಹಿತು.

ಈ ಸಲದ ರಜೆಯಲ್ಲಿ ಒಂದು ಅರ್ಧ ಗಂಟೆ ಆ ಡಬ್ಬಿಗಳಿಗೆ ಕೊಡಿ. ಒಂದೊಂದನ್ನೂ ತೆರೆದು ಮೂಸಿ ನೋಡಿ. ಹುಳಿ ವಾಸನೆಯವನ್ನು ಉಳಿದವುಗಳಿಂದ ಬೇರೆಯಿಡಿ, ಏಕೆಂದರೆ ಒಂದರ ಆವಿ ಇನ್ನೊಂದಕ್ಕೆ ತಗಲುತ್ತದೆ. ಮೊದಲು ಅವುಗಳನ್ನೇ ಸ್ಕ್ಯಾನ್ ಮಾಡಿಸಿ, ಕೆಟ್ಟದ್ದು ಮತ್ತೆ ಸರಿಹೋಗದು. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬಿಟ್ಟು ಕಾಗದದ ಲಕೋಟೆಗೆ ಹಾಕಿ, ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್‌ನಲ್ಲಿ ಜಾಗ ಮಾಡಿ. ಲಕೋಟೆಯ ಮೇಲೆ ಊರು, ವರ್ಷ, ಚಿತ್ರದಲ್ಲಿರುವವರ ಹೆಸರು ಬರೆದಿಡಿ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಇದು ಆಗಬೇಕಾದ ಕೆಲಸ.